ಸಭೆಯ ಹೊತ್ತು ಯಾರ ಅನುಕೂಲಕ್ಕೆ?

ಮುಂಬಯಿಯಲ್ಲಿ ಕುಳಿತು ನ್ಯೂಯಾರ್ಕಿನ ವ್ಯವಹಾರ ನಡೆಸಿಕೊಡುವ ಗುಮಾಸ್ತವರ್ಗವೊಂದು ಕಳೆದ ಎರಡು ಮೂರು ದಶಕಗಳಲ್ಲಿ ಬೆಳೆದು ನಿಂತಿದೆ. ಅಂಧೇರಿ, ಮಲಾಡ್, ಐರೋಲಿಗಳ ಈ ಕಚೇರಿಗಳಲ್ಲಿ ನಮ್ಮವರೂ ಇದ್ದಾರೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರ ಮಕ್ಕಳು ಮೊಮ್ಮಕ್ಕಳೂ ಅವರಲ್ಲಿ ಸೇರಿದ್ದಾರೆ. ಇವರ ದೂರು ಸಂಬಳದ್ದಲ್ಲ, ಹೊತ್ತಿನದು. ದಿನದ ಕೆಲಸ ಮುಗಿಸಿ ಮನೆ ಸೇರಿದ ಮೇಲೂ ನ್ಯೂಯಾರ್ಕಿನ ಅಧಿಕಾರಿಗಳು ಕರೆದ ಸಭೆಗಾಗಿ ಯಂತ್ರದ ಮುಂದೆ ಕುಳಿತಿರಬೇಕಾಗಿದೆ ಎಂಬ ಈ ದೂರನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಲೆಕ್ಕವೇನೋ ಸರಳವಾದುದೇ. ನಮ್ಮ ಗಡಿಯಾರ ಗ್ರೀನಿಚ್ ಕಾಲಕ್ಕಿಂತ 5 ಗಂಟೆ 30 ನಿಮಿಷ ಮುಂದು. ನ್ಯೂಯಾರ್ಕಿನದು ಚಳಿಗಾಲದಲ್ಲಿ 5 ಗಂಟೆ ಹಿಂದು. ಒಟ್ಟು ಅಂತರ ಹತ್ತೂವರೆ ಗಂಟೆ. ಅಲ್ಲಿಯವರು ಬೆಳಿಗ್ಗೆ 9ಕ್ಕೆ ಕಚೇರಿಯ ಬಾಗಿಲು ತೆರೆದಾಗ ಇಲ್ಲಿ ಸಂಜೆ 7-30. ನಮ್ಮ ಬೆಳಿಗ್ಗೆ 9-30ರಿಂದ ಸಂಜೆ 6-30ರವರೆಗಿನ ಕಚೇರಿಯ ವೇಳೆಯೆಂದರೆ ಅವರಿಗೆ ಹಿಂದಿನ ರಾತ್ರಿ 11ರಿಂದ ಬೆಳಗಿನ 8ರವರೆಗಿನ ನಿದ್ದೆಯ ಹೊತ್ತು. ಎರಡೂ ಊರುಗಳಿಗೆ ಸಮಾನವಾದ ಕೆಲಸದ ವೇಳೆ ಒಂದು ನಿಮಿಷವೂ ಇಲ್ಲ. ಸಭೆ ನಡೆಯಬೇಕಾದರೆ ಒಬ್ಬರು ತಮ್ಮ ಮನೆಯ ಹೊತ್ತನ್ನು ಬಿಟ್ಟುಕೊಡಲೇಬೇಕು. ಬಿಟ್ಟುಕೊಡುವವರು ಸದಾ ಇಲ್ಲಿಯವರೇ ಆಗಿರುವುದೇಕೆ ಎಂಬುದು ನಮ್ಮ ಪ್ರಶ್ನೆ.

ಇದರ ಮೇಲೆ ಅಮೇರಿಕದವರ ಬೇಸಗೆಯ ಗಡಿಯಾರ ಬೇರೆ. ಮಾರ್ಚಿಯ ಎರಡನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ ಸರಿಯುವ ಅವರ ಮುಳ್ಳು ನವೆಂಬರಿನ ಮೊದಲನೆಯ ಭಾನುವಾರ ಹಿಂದಕ್ಕೆ ಬರುತ್ತದೆ. ಲಂಡನ್ನಿನವರು ಇದೇ ಕೆಲಸವನ್ನು ಮಾರ್ಚಿಯ ಕೊನೆಯ ಭಾನುವಾರ ಹಾಗೂ ಅಕ್ಟೋಬರಿನ ಕೊನೆಯ ಭಾನುವಾರ ಮಾಡುತ್ತಾರೆ. ಹೀಗಾಗಿ ವರ್ಷದಲ್ಲಿ ಕೆಲವು ವಾರ ಮೂರು ಊರುಗಳ ಲೆಕ್ಕ ಮೂರು ದಾರಿ ಹಿಡಿಯುತ್ತದೆ. ತನ್ನ ಗಡಿಯಾರವನ್ನು ಮುಟ್ಟದ ಭಾರತದ ಗುಮಾಸ್ತನಿಗೆ ಮಾತ್ರ ನವೆಂಬರಿನಲ್ಲಿ ಸಂಜೆ 6-30ರ ಸಭೆ 7-30ಕ್ಕೆ ಜಾರಿ, ಡೊಂಬಿವಲಿಗೋ ವಿರಾರಿಗೋ ಹೋಗುವ ಅವನ ಗಾಡಿ ತಪ್ಪುತ್ತದೆ. ಅವನನ್ನು ಕೇಳಿದವರಾರು? ತಾರೀಖಿನ ಗೊಂದಲವೂ ಸಣ್ಣದಲ್ಲ: ಚಳಿಗಾಲದಲ್ಲಿ ನ್ಯೂಯಾರ್ಕಿನವರು ‘ಶುಕ್ರವಾರ ಮಧ್ಯಾಹ್ನ 3ಕ್ಕೆ’ ಎಂದರೆ ಇಲ್ಲಿ ಶನಿವಾರ ನಸುಕಿನ 1-30. ವಾರದ ರಜೆಯ ನಿದ್ದೆಯೇ ಸಭೆಗೆ ಸಂದಾಯ!

ಗಡಿಯಾರವೆಂಬುದು ಅಧಿಕಾರದ ಮಾತೂ ಹೌದೆಂಬುದು ಮುಂಬಯಿಗೆ ಹೊಸದಲ್ಲ. 1906ರ ಜನವರಿ 1ರಂದು ಭಾರತದ ಏಕರೂಪ ಕಾಲಮಾನ ಜಾರಿಗೆ ಬಂದಾಗ, ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನ ‘ಬಾಂಬೆ ಟೈಮ್’ ಅನ್ನು ಈ ನಗರ ಸುಲಭವಾಗಿ ಬಿಟ್ಟುಕೊಡಲಿಲ್ಲ. ಗಿರಣಿಯ ಕೆಲಸಗಾರರು ಪ್ರತಿಭಟಿಸಿದರು. ದಶಕಗಳ ಕಾಲ ನಗರದಲ್ಲಿ ಎರಡು ಬಗೆಯ ಹೊತ್ತು ನಡೆದವು. 39 ನಿಮಿಷಕ್ಕಾಗಿ ಅಷ್ಟು ಹೋರಾಡಿದ ಊರು ಇಂದು ಹತ್ತೂವರೆ ಗಂಟೆಯ ಅಂತರವನ್ನು ತುಟಿಪಿಟಕ್ಕೆನ್ನದೆ ಹೊರುತ್ತಿದೆ.

ರಾತ್ರಿಪಾಳಿಯೆಂದೇ ನೇಮಕಗೊಂಡವರ ಮಾತು ನಾವು ಎತ್ತುತ್ತಿಲ್ಲ. ಅವರು ಹಗಲು ಮಲಗಬಹುದು. ಹಲವೆಡೆ ಭತ್ಯವೂ ವಾಹನವೂ ಉಂಟು. ನಮ್ಮ ಮರುಕ ಹಗಲು ಪಾಳಿಯವನ ಬಗೆಗೆ. ಬೆಳಿಗ್ಗೆ ಎಲ್ಲರಂತೆ ಕಚೇರಿಗೆ ಹೋಗಿ, ರಾತ್ರಿ ಹತ್ತಕ್ಕೆ ಒಂದೇ ಕೋಣೆಯ ಮನೆಯಲ್ಲಿ ಮಕ್ಕಳನ್ನು ಸುಮ್ಮನಿರಿಸಿ ಅವನು ಸಭೆಗೆ ಕೂರುತ್ತಾನೆ. ಅದು ಯಾವ ಹಾಜರಿ ಪುಸ್ತಕಕ್ಕೂ ಏರದ ದುಡಿಮೆ. ಮನೆಯೊಡತಿಯೇ ಆ ಗುಮಾಸ್ತೆಯಾಗಿದ್ದರಂತೂ ಒಲೆಯ ಕೆಲಸವೂ ಅದಕ್ಕೆ ಸೇರಿಕೊಳ್ಳುತ್ತದೆ.

ಹಣ ಕೊಡುವವನು ಹೇಳಿದ ಹೊತ್ತಿಗೆ ಹಾಜರಾಗಬೇಕಲ್ಲವೇ ಎಂದು ಕೆಲವರು ಕೇಳಬಹುದು. ಹೋಟೆಲಿನಲ್ಲಿ ದುಡಿದವರಿಗೆ ಇದರ ಉತ್ತರ ಗೊತ್ತು. ನಸುಕಿನಲ್ಲೆದ್ದು ಒಲೆ ಹಚ್ಚುವ ಕೆಲಸವನ್ನು ವರ್ಷವಿಡೀ ಒಬ್ಬನ ತಲೆಗೇ ಕಟ್ಟಿದರೆ ಅವನು ಉಳಿಯುವುದಿಲ್ಲ, ಆದುದರಿಂದಲೇ ಪಾಳಿ. ಸಭೆಗೂ ಪಾಳಿ ಏಕಿರಬಾರದು? ಚಳಿಗಾಲದಲ್ಲಿ ಒಂದು ವಾರ ಇಲ್ಲಿಯ ಸಂಜೆ 7-30ಕ್ಕೆ, ಎಂದರೆ ಅಲ್ಲಿಯ ಬೆಳಿಗ್ಗೆ 9ಕ್ಕೆ ಸಭೆ ಸೇರಲಿ. ಮರುವಾರ ಇಲ್ಲಿಯ ಬೆಳಿಗ್ಗೆ 7-30ಕ್ಕೆ ಸೇರಲಿ, ಅಲ್ಲಿ ಆಗ ಹಿಂದಿನ ರಾತ್ರಿಯ 9. ಅವರೂ ಒಮ್ಮೆ ಊಟ ಬಿಟ್ಟು ಎದ್ದು ಬರಲಿ. ಎಷ್ಟೋ ಸಭೆಗಳು ಸೇರುವ ಅಗತ್ಯವೇ ಇಲ್ಲವೆಂಬುದು ಆಗ ಅವರಿಗೂ ಹೊಳೆದೀತು. ಅವರು ಸಂಜೆ ಬರೆದಿಟ್ಟ ಪ್ರಶ್ನೆಗೆ ಅವರು ನಿದ್ದೆಯಲ್ಲಿರುವಾಗ ಇಲ್ಲಿಂದ ಉತ್ತರ ಸಿದ್ಧವಾಗಬಲ್ಲದು. ಕಾಲದ ಅಂತರದಿಂದ ದೊರೆಯುವ ನಿಜವಾದ ಲಾಭ ಅದೇ.

ದೂರವಿರುವ ನ್ಯೂಯಾರ್ಕಿನವರಿಗಿಂತ ಇಲ್ಲಿಯ ಮೇಲಧಿಕಾರಿಗಳನ್ನೇ ನಾವು ಹೆಚ್ಚು ಹೊಣೆಗಾರರನ್ನಾಗಿ ಮಾಡುತ್ತೇವೆ. ಕೇಳಿದ ಹೊತ್ತಿಗೆಲ್ಲ ಮೊದಲು ತಲೆಯಾಡಿಸುವವರು ಅವರೇ. ತಮ್ಮ ಕೈಕೆಳಗಿನವರ ಅಡಚಣೆಯನ್ನು ಒಂದು ಸಾಲಿನಲ್ಲಿ ಬರೆದು ತಿಳಿಸಲು ಅವರಿಗೆ ಯಾವ ತೊಡಕೂ ಇಲ್ಲ. ಮುಂಬರುವ ನವೆಂಬರಿನ ಮೊದಲನೆಯ ಭಾನುವಾರಕ್ಕೆ ಮುನ್ನವೇ ಚಳಿಗಾಲದ ಸಭೆಗಳ ಪಾಳಿಯನ್ನು ಗೊತ್ತುಮಾಡಿ, ಪ್ರತಿ ಕರೆಯೋಲೆಯಲ್ಲಿಯೂ ಎರಡೂ ಊರುಗಳ ಹೆಸರು, ವಾರ, ತಾರೀಖು, ಗಂಟೆಗಳನ್ನು ಜೊತೆಜೊತೆಯಾಗಿ ನಮೂದಿಸುವ ಏರ್ಪಾಡನ್ನು ಅವರು ಮಾಡತಕ್ಕದ್ದು.