ಪರೀಕ್ಷೆ ಯಾರಿಗೆ? ನಪಾಸಾದವರು ಯಾರು?



ಫಲಿತಾಂಶ ಬಂದ ರಾತ್ರಿ ಹಾಸ್ಟೆಲಿನಲ್ಲಿ ಅನ್ನ ಉಳಿಯುತ್ತೆ. ನಪಾಸಾದವನು ಟ್ರಂಕು ಹೊತ್ತು ಬೆಳಗಿನ ಬಸ್ಸಿಗೆ ಊರು ಸೇರ್ತಾನೆ. ಮಾರನೆ ದಿನದಿಂದ ಅವ್ವನ ಜೊತೆ ಕೂಲಿ. 'ಇವರಿಗೆಲ್ಲಿ ಓದು ಹತ್ತುತ್ತೆ' ಅಂತ ಊರು ತೀರ್ಪು ಕೊಡುತ್ತೆ. ಹತ್ತು ವರ್ಷದ ಕಲಿಕೆಯನ್ನು ಮೂರು ಗಂಟೆ ಅಳೆದುಬಿಟ್ಟಿತೇ?

ನಮ್ಮ ಎಸ್ಸೆಸ್ಸೆಲ್ಸಿಯನ್ನೇ ನೋಡಿ. 2023ರಲ್ಲಿ ಶೇಕಡ 83.89 ಮಂದಿ ಪಾಸು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಣು ಬಂತು. ಗ್ರೇಸ್ ಮಾರ್ಕ್ಸ್ ಹೆಚ್ಚಿಸಿದ ಮೇಲೂ ಶೇಕಡ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಇಲ್ಲ. ಕಲಿಸದೇ ಇದ್ದದ್ದು ಬಯಲಾಯಿತು. ಆದರೆ ನಪಾಸು ಅಂತ ಬರೆದದ್ದು ಮಾತ್ರ ಮಕ್ಕಳ ಹೆಸರಿನ ಮುಂದೆ.

ಬಾಬಾಸಾಹೇಬರು 1927ರಲ್ಲೇ ಮುಂಬಯಿ ಶಾಸನ ಪರಿಷತ್ತಿನಲ್ಲಿ ಇದನ್ನು ಹೇಳಿದ್ದರು. ಪರೀಕ್ಷೆ ಬೇರೆ, ಶಿಕ್ಷಣ ಬೇರೆ. ಮಟ್ಟ ಏರಿಸುತ್ತೇವೆ ಅಂತ ಪರೀಕ್ಷೆಯನ್ನು ಬಿಗಿ ಮಾಡಿದರೆ ಹಿಂದುಳಿದವರು ವಿಶ್ವವಿದ್ಯಾಲಯದ ಬಾಗಿಲ ಹೊರಗೇ ಉಳೀತಾರೆ ಎಂಬುದು ಅವರ ವಾದ.

ಹಾಗಾದರೆ ಪರೀಕ್ಷೆಯೇ ಬೇಡವೇ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಉತ್ತರ ಪತ್ರಿಕೆಯ ಮೇಲೆ ನಮ್ಮ ಹೆಸರಿಲ್ಲ, ಕೇರಿಯಿಲ್ಲ, ಅಪ್ಪನ ಕಸುಬಿಲ್ಲ. ಬರೀ ನಂಬರು. ಎಸ್ಸೆಸ್ಸೆಲ್ಸಿಯ ಹೆಚ್ಚಿನ ವಿಷಯಗಳಲ್ಲಿ 80 ಅಂಕ ಹೀಗೆ ಬರುತ್ತೆ. ಉಳಿದ 20 ಆಂತರಿಕ ಅಂಕ ಕೊಡುವವರಿಗೆ ನಮ್ಮ ಮುಖ ಗೊತ್ತು. ಒಳ್ಳೆಯ ಮೇಷ್ಟ್ರ ಕೈಯಲ್ಲಿ ಅದು ವರ್ಷವಿಡೀ ಕಲಿತದ್ದಕ್ಕೆ ಬೆಲೆ. ಇನ್ನೊಬ್ಬರ ಕೈಯಲ್ಲಿ ಅದೇ ಚಾಟಿ. ಬಿ.ಎ.ಯಲ್ಲಿ ನನ್ನ ಆಂತರಿಕ ಅಂಕ ಯಾಕೆ ಕಡಿಮೆ ಅಂತ ಕೇಳಿದೆ. 'ನಿಮಗೆ ಪಾಸಾದ್ರೆ ಸಾಲದೇನಯ್ಯಾ? ಹೇಗೂ ಸ್ಕಾಲರ್‌ಶಿಪ್ಪು ಬರುತ್ತಲ್ಲ' ಅಂದರು. ನಾನು ಬರೆದ ಪ್ರಬಂಧದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆದ್ದರಿಂದ 'ಪರೀಕ್ಷೆ ಸುಡಿ' ಎಂಬ ಕೂಗಿಗೆ ನಾವು ದನಿಗೂಡಿಸೋಲ್ಲ. ಉರು ಹೊಡೆದು ಕಕ್ಕುವ ಪರೀಕ್ಷೆ ಕಲಿಕೆಯನ್ನು ಅಳೆಯೋದಿಲ್ಲ, ನಿಜ. ಆದರೆ ಅದನ್ನು ಕಿತ್ತು, ಅಳತೆಗೋಲನ್ನು ಒಬ್ಬನೇ ಮನುಷ್ಯನ ಕೈಗೆ ಕೊಟ್ಟರೆ ಅಳೆಯೋದು ಜಾತಿಯನ್ನೇ.

ನಮ್ಮ ಬೇಡಿಕೆ ಇಷ್ಟು. ಮೊದಲು ಕಲಿಸಿ: ಖಾಲಿ ಹುದ್ದೆಗೆ ಮೇಷ್ಟ್ರನ್ನು ತುಂಬಿ, ಹಾಸ್ಟೆಲಿನಲ್ಲಿ ಗಣಿತ, ಇಂಗ್ಲಿಷು ಹೇಳಿಕೊಡಿ. ಪ್ರಶ್ನೆಗಳು ನೆನಪನ್ನಲ್ಲ, ಯೋಚನೆಯನ್ನು ಕೇಳಲಿ. ಆಂತರಿಕ ಅಂಕ ಇರಲಿ, ಆದರೆ ಇಬ್ಬರು ನೋಡಲಿ, ಕಾರಣ ಬರೆಯಲಿ, ಬೋರ್ಡಿಗೆ ಅಂಟಿಸಲಿ.

ನೀವೂ ಸುಮ್ಮನೆ ಟ್ರಂಕು ಕಟ್ಟಬೇಡಿ. ತಿದ್ದಿದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಲು ಬರೆದವನಿಗೆ ಹಕ್ಕಿದೆ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಅರ್ಜಿ ಬರೆಯಲು ಬಾರದ ತಮ್ಮನಿಗೆ, ತಂಗಿಗೆ ಬರೆದುಕೊಡಿ. ಊರಿಗೆ ಹೋದ ಗೆಳೆಯನನ್ನು ಮುಂದಿನ ಪರೀಕ್ಷೆಗೆ ಕರಕೊಂಡು ಬನ್ನಿ. ಅವನ ತಟ್ಟೆ ಇನ್ನೂ ಹಾಸ್ಟೆಲಿನಲ್ಲೇ ಇದೆ.

ಜೈ ಭೀಮ್.