ವೈದ್ಯನೋ, ವೈದ್ಯನ ಸಹಾಯಕನೋ?

ಪ್ರತಿ ವರ್ಷವೂ ನೀಟ್ ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರ ಕೆಲವು ವಿದ್ಯಾರ್ಥಿಗಳು ತಂದೆಯೊಡನೆ ನನ್ನನ್ನು ಕಾಣಲು ಬರುತ್ತಾರೆ. ಕಳೆದ ಸಲ ಬಂದವನು ನಮ್ಮ ಐನಾಪುರದ ತೊಗರಿ ಬೆಳೆಗಾರರೊಬ್ಬರ ಮಗ. ಎರಡು ಸಲ ಪರೀಕ್ಷೆ ಬರೆದರೂ ಸೀಟು ಸಿಕ್ಕಿರಲಿಲ್ಲ. ಮೂರನೆಯ ಸಲದ ತರಬೇತಿಗಾಗಿ ಎರಡು ಎಕರೆ ಹೊಲವನ್ನು ಅಡವಿಡಲು ತಂದೆ ಸಿದ್ಧರಾಗಿದ್ದರು. ವೈದ್ಯ ಸಹಾಯಕ, ಅಂದರೆ ಫಿಸಿಷಿಯನ್ ಅಸಿಸ್ಟೆಂಟ್ ಎಂಬ ಪದವಿಯೂ ಇದೆಯೆಂದು ನಾನು ತಿಳಿಸಿದಾಗ ಹುಡುಗನು ತಲೆ ತಗ್ಗಿಸಿ, “ಅದು ಸೋತವರು ಓದುವುದಲ್ಲವೇ ಸರ್?” ಎಂದನು. ಆ ಪ್ರಶ್ನೆಗೆ ಇಲ್ಲಿ ವಿವರವಾಗಿ ಉತ್ತರಿಸಬಯಸುತ್ತೇನೆ.

ಈ ವೃತ್ತಿಯು ಸೋತವರಿಗಾಗಿ ಹುಟ್ಟಿದುದಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ 1965ರಲ್ಲಿ ಡಾ. ಯೂಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿ ಪಳಗಿದ್ದ ನಾಲ್ವರನ್ನು ಸೇರಿಸಿಕೊಂಡು ಈ ಶಿಕ್ಷಣವನ್ನು ಆರಂಭಿಸಿದರು. ವೈದ್ಯರ ಕೊರತೆಯನ್ನು ನೀಗಿಸುವುದೇ ಅದರ ಉದ್ದೇಶವಾಗಿತ್ತು. ಭಾರತದಲ್ಲಿ ಇದು 1992ರಲ್ಲಿ ಚೆನ್ನೈ ನಗರದಲ್ಲಿ ಮೊದಲಾಯಿತು. 2021ರ ರಾಷ್ಟ್ರೀಯ ಕಾಯಿದೆಯು ಈ ವೃತ್ತಿಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ.

ಹಾಗಾದರೆ ಎರಡಕ್ಕೂ ಇರುವ ಭೇದವೇನು? ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಲ್ಲುಗಣಿಯ ಧೂಳಿನಲ್ಲಿ ದುಡಿದವನೊಬ್ಬನು ಕೆಮ್ಮುತ್ತ ಆಸ್ಪತ್ರೆಗೆ ಬರುತ್ತಾನೆ. ಸಹಾಯಕನು ಅವನನ್ನು ಕೂರಿಸಿ, ಎಷ್ಟು ವರ್ಷ ಕಲ್ಲು ಒಡೆದನೆಂದು ಕೇಳಿ ಬರೆದುಕೊಳ್ಳುತ್ತಾನೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಾನೆ. ಕೆಂಪು ಮತ್ತು ಅವಕೆಂಪು ಬೆಳಕನ್ನು ರಕ್ತವು ಎಷ್ಟೆಷ್ಟು ಹೀರುತ್ತದೆಂಬುದರಿಂದ ಆ ಉಪಕರಣವು ಆಮ್ಲಜನಕದ ಪ್ರಮಾಣವನ್ನು ತಿಳಿಸುತ್ತದೆ. ಆದರೆ ಇದು ಕ್ಷಯವೋ, ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ಸೋ ಎಂದು ನಿರ್ಣಯಿಸಿ, ಆ ನಿರ್ಣಯಕ್ಕೆ ಹೊಣೆಯಾಗತಕ್ಕವನು ವೈದ್ಯನು. ಸಹಾಯಕನು ಸರಿಯಾಗಿ ಕೇಳದಿದ್ದರೆ ವೈದ್ಯನ ನಿರ್ಣಯವೂ ತಪ್ಪೀತು. ಭೇದವಿರುವುದು ಹೊಣೆಯಲ್ಲಿ, ಯೋಗ್ಯತೆಯಲ್ಲಲ್ಲ.

ಆದುದರಿಂದ ವಿದ್ಯಾರ್ಥಿಯು ತನ್ನನ್ನು ತಾನೇ ಹೀಗೆ ಕೇಳಿಕೊಳ್ಳಬೇಕು: ಕೊನೆಯ ಮಾತು ನನ್ನದೇ ಆಗಬೇಕೆಂಬ ಹಂಬಲವೂ ಅದರ ಭಾರವನ್ನು ಹೊರುವ ತಾಳ್ಮೆಯೂ ನನಗಿವೆಯೇ? ಇದ್ದರೆ ಎಂ.ಬಿ.ಬಿ.ಎಸ್. ಓದಿಗಾಗಿ ಇನ್ನೊಂದು ಸಲ ಪ್ರಯತ್ನಿಸುವುದು ತಪ್ಪಲ್ಲ. ನಮ್ಮ ಕಲಬುರಗಿಯಲ್ಲಿ 1963ರಿಂದಲೇ ವೈದ್ಯಕೀಯ ಕಾಲೇಜು ಇದೆ. 371(ಜೆ) ವಿಧಿಯು ನಮ್ಮ ಪ್ರದೇಶದ ಮಕ್ಕಳಿಗೆ ಸೀಟುಗಳಲ್ಲಿ ಮೀಸಲಾತಿಯನ್ನೂ ಒದಗಿಸಿದೆ. ಆದರೆ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 180 ನಾನು ಬೋಧಿಸುವ ಭೌತಶಾಸ್ತ್ರದವು. ಅದರಲ್ಲಿ ಎಡವಿದವನು ರೋಗಿಯ ಹಾಸಿಗೆಯ ಪಕ್ಕದಲ್ಲಿಯೂ ಎಡವುತ್ತಾನೆಂದು ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ಮಾತನ್ನೂ ಮರೆಮಾಚಲಾಗದು. ಸಹಾಯಕನ ಪದವಿಯು ವೈದ್ಯನಾಗಲು ಹಿತ್ತಲ ಬಾಗಿಲಲ್ಲ. ಅದನ್ನು ಮುಗಿಸಿದವನು ಸ್ವಂತ ದವಾಖಾನೆ ತೆರೆಯುವಂತಿಲ್ಲ, ಮುಂದೆ ಎಂ.ಬಿ.ಬಿ.ಎಸ್. ಬೇಕೆಂದರೆ ಮತ್ತೆ ಮೊದಲಿನಿಂದಲೇ ಆರಂಭಿಸಬೇಕು. ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ವಿಶ್ವವಿದ್ಯಾನಿಲಯದ ಮಾನ್ಯತೆಯಿದೆಯೇ, ಕಲಿಯಲು ಸ್ವಂತ ಆಸ್ಪತ್ರೆಯಿದೆಯೇ ಎಂದು ವಿಚಾರಿಸತಕ್ಕದ್ದು.

ಅಂದು ಹುಡುಗನ ತಂದೆ ಕೇಳಿದ ಪ್ರಶ್ನೆ ಇದಕ್ಕಿಂತಲೂ ಕಠಿಣವಾದುದು: “ಇದನ್ನು ಓದಿದರೆ ನಮ್ಮ ಚಿಂಚೋಳಿಯಲ್ಲಿ ನೌಕರಿ ಸಿಗುತ್ತದೇನ್ರಿ?” ನಾನು ಹೌದೆನ್ನಲಾರದೆ ಹೋದೆ. ಈ ಪದವೀಧರರಿಗೆ ಇಂದು ಕೆಲಸ ಕೊಡುತ್ತಿರುವುದು ಹೆಚ್ಚಾಗಿ ನಗರಗಳ ದೊಡ್ಡ ಖಾಸಗಿ ಆಸ್ಪತ್ರೆಗಳು. ಕೊರತೆ ಇರುವುದು ಹಳ್ಳಿಯಲ್ಲಿ, ಹುದ್ದೆ ಇರುವುದು ನಗರದಲ್ಲಿ! 1946ರಲ್ಲಿ ಭೋರ್ ಸಮಿತಿಯು ಅಲ್ಪಾವಧಿ ಕಲಿತ ಲೈಸೆನ್ಸಿಯೇಟ್ ವೈದ್ಯರ ಪದ್ಧತಿಯನ್ನು ಕೈಬಿಟ್ಟು ಒಂದೇ ಬಗೆಯ ವೈದ್ಯರಿರಲೆಂದು ಹೇಳಿತು. ಗುಣಮಟ್ಟದ ದೃಷ್ಟಿಯಿಂದ ಅದು ಸರಿಯಾದರೂ ಹಳ್ಳಿಯ ಕೊರತೆ ತೀರಲಿಲ್ಲ. ವೈದ್ಯನ ಮೇಲ್ವಿಚಾರಣೆಯಲ್ಲಿ ದುಡಿಯುವ ಸಹಾಯಕರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಕಾರವು ಹುದ್ದೆಗಳನ್ನು ನಿರ್ಮಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಯವರೆಗೆ ಈ ಓದನ್ನು ಆರಿಸುವವನು ಊರು ಬಿಡಲು ಸಿದ್ಧನಾಗಿಯೇ ಆರಿಸಬೇಕು.

ಆ ತಂದೆಗೆ ನಾನು ಹೇಳಿದುದು ಇಷ್ಟೇ: ಹೊಲವನ್ನು ಅಡವಿಡುವ ಮೊದಲು ಮಗನನ್ನು ಒಂದು ವಾರ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂರಿಸಿರಿ. ರೋಗಿಗಳ ಸಾಲನ್ನು ನೋಡಿದ ಮೇಲೂ ಅಲ್ಲಿಯೇ ಇರಬೇಕೆನಿಸಿದರೆ ಎರಡು ದಾರಿಗಳಲ್ಲಿ ಯಾವುದಾದರೂ ಅವನಿಗೆ ಸೋಲಾಗದು. ಬಿಳಿಯ ಕೋಟು ಮಾತ್ರ ಬೇಕೆನಿಸಿದರೆ ಎರಡೂ ಅವನಿಗೆ ಸಲ್ಲವು.