ನಿಕಾಹ್ ಅಪರಾಧಕ್ಕೆ ಪರದೆಯಲ್ಲ

ಹದಿನಾರರ ಹುಡುಗಿಗೆ ಇಪ್ಪತ್ತಾರರ ಯುವಕನೊಂದಿಗೆ ಸಂಬಂಧವಿದೆಯೆಂಬ ಸುದ್ದಿ ಮನೆಯವರ ಕಿವಿಗೆ ಬಿದ್ದಾಗ ನಮ್ಮ ಪಟ್ಟಣಗಳಲ್ಲಿ ನಡೆಯುವುದೇನು? ಮೊದಲು ಹೊಡೆತ, ಬಳಿಕ ಮೊಬೈಲ್ ಕಸಿಯುವುದು, ಆಮೇಲೆ ಶಾಲೆ ಬಿಡಿಸುವುದು. ವಿಷಯ ಇನ್ನೂ ಮುಂದುವರಿದಿದ್ದರೆ, ಊರಿಗೆ ತಿಳಿಯುವ ಮುನ್ನ ಅವನಿಗೇ ನಿಕಾಹ್ ಮಾಡಿಬಿಡೋಣವೆಂದು ಹಿರಿಯರು ತೀರ್ಮಾನಿಸುತ್ತಾರೆ. ಮಾನ ಉಳಿಯಿತೆಂದು ಎಲ್ಲರೂ ಸಮಾಧಾನಪಡುತ್ತಾರೆ. ವಸ್ತುತಃ ಆ ಮನೆಯ ಸಂಕಟ ಆರಂಭವಾಗುವುದೇ ಅಲ್ಲಿಂದ. ಇದು ನಮ್ಮ ಸಮುದಾಯದ್ದು ಮಾತ್ರವಾದ ರೋಗವಲ್ಲ, ಎಲ್ಲ ಜಾತಿ ಧರ್ಮಗಳ ಮನೆಗಳಲ್ಲೂ ಇದೆ. ಆದರೆ ನಮ್ಮ ಅಂಗಳವನ್ನು ನಾವೇ ಗುಡಿಸಬೇಕಷ್ಟೆ.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳು, ಹೆಣ್ಣಾಗಲಿ ಗಂಡಾಗಲಿ. 'ಅವಳೂ ಒಪ್ಪಿದ್ದಳು' ಎಂಬ ವಾದಕ್ಕೆ ಆ ಕಾಯ್ದೆಯಲ್ಲಿ ಬೆಲೆಯಿಲ್ಲ. 2019ರ ತಿದ್ದುಪಡಿಯ ನಂತರ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ 10 ವರ್ಷ ಸೆರೆವಾಸ, ಮಗು 16ಕ್ಕಿಂತ ಕೆಳಗಿನದ್ದಾದರೆ ಕನಿಷ್ಠ 20 ವರ್ಷ. ಹುಡುಗಿ ಗರ್ಭಿಣಿಯಾದರಂತೂ ಆಕೆಗೆ ಹದಿನೇಳಾಗಿದ್ದರೂ ಶಿಕ್ಷೆ 20 ವರ್ಷದಿಂದಲೇ ಆರಂಭ. ಶಾಲೆ ಅಥವಾ ಧಾರ್ಮಿಕ ಸಂಸ್ಥೆಯ ಸಿಬ್ಬಂದಿಯೇ ಅಲ್ಲಿಯ ಮಗುವಿನ ಮೇಲೆ ಈ ಕೃತ್ಯವೆಸಗಿದರೂ ಅಷ್ಟೇ.

ಹಾಗಾದರೆ ನಿಕಾಹ್ ಇದನ್ನೆಲ್ಲ ಅಳಿಸುವುದೇ? ಇಲ್ಲ. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಈ ರಾಜ್ಯದಲ್ಲಿ ಆರಂಭದಿಂದಲೇ ಅಸಿಂಧು. ನೆರವೇರಿಸಿದ ಖಾಝಿ, ಮುಂದೆ ನಿಂತ ತಂದೆ, ಎಲ್ಲರೂ ಆರೋಪಿಗಳಾಗಬಲ್ಲರು. 18ರೊಳಗಿನ ಪತ್ನಿಯೊಂದಿಗಿನ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿಯೇ ಹೇಳಿದೆ. ಋತುಮತಿಯಾದವಳ ವಿವಾಹಕ್ಕೆ ವೈಯಕ್ತಿಕ ಕಾನೂನಿನಲ್ಲಿ ಅವಕಾಶವಿದೆಯೆಂಬ ವಾದವನ್ನು ನಮ್ಮ ರಾಜ್ಯದ ಹೈಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಒಪ್ಪದೆ, ಪೋಕ್ಸೋ ವಿಶೇಷ ಕಾಯ್ದೆಯಾದ್ದರಿಂದ ಅದೇ ಮೇಲು ಎಂದಿತು. ಬಚ್ಚಿಟ್ಟರೆ ಯಾರಿಗೆ ತಿಳಿಯುತ್ತದೆಂದು ಕೇಳುವವರಿದ್ದಾರೆ. ಆಸ್ಪತ್ರೆಯಲ್ಲಿ ತಾಯಿ ಕಾರ್ಡ್ ಮಾಡಿಸುವಾಗ ವಯಸ್ಸು ಹೇಳಲೇಬೇಕು. ಅಪರಾಧದ ಅರಿವಾದ ವೈದ್ಯರು ಪೊಲೀಸರಿಗೆ ತಿಳಿಸದಿದ್ದರೆ ಅವರೇ ಶಿಕ್ಷೆಗೆ ಗುರಿಯಾಗುತ್ತಾರೆ. ಹೀಗೆ ಗರ್ಭಿಣಿ ಹುಡುಗಿ, ಸೆರೆಮನೆಯಲ್ಲಿರುವ 'ಗಂಡ', ನ್ಯಾಯಾಲಯಕ್ಕೆ ಅಲೆಯುವ ತಂದೆ. ಯಾವ ಮಾನ ಉಳಿಯಿತು?

ಕಾನೂನಿಗಿಂತಲೂ ನಮ್ಮನ್ನು ಹೆಚ್ಚು ಕಾಡುವುದು ಆ ಹುಡುಗಿಯ ಸ್ಥಿತಿ. ದುಡಿಯುವ, ಬೈಕಿರುವ, ಲೋಕ ಕಂಡ ಗಂಡಸು ಹತ್ತನೇ ತರಗತಿಯ ಹುಡುಗಿಯನ್ನೇ ಏಕೆ ಹುಡುಕುತ್ತಾನೆ? ಸಮವಯಸ್ಕಳು ಪ್ರಶ್ನಿಸುತ್ತಾಳೆ, ಇವಳು ನಂಬುತ್ತಾಳೆ. ಮೊದಲು ಉಡುಗೊರೆ, ಬಳಿಕ ಗುಟ್ಟು, ಆಮೇಲೆ ಒಂದು ಚಿತ್ರ. ಚಿತ್ರ ಕೈಸೇರಿದ ಮೇಲೆ ಪ್ರೀತಿಯ ಮಾತು ಬೆದರಿಕೆಯಾಗಲು ಹೆಚ್ಚು ದಿನ ಬೇಕಿಲ್ಲ. ಆಗಲೂ ಆಕೆ ಬಾಯಿ ಬಿಡುವುದಿಲ್ಲ. ಏಕೆಂದರೆ ಅವಳಿಗೆ ಅವನಿಗಿಂತ ಅಪ್ಪನ ಭಯವೇ ಹೆಚ್ಚು. ಅವನ ನಿಜವಾದ ಬಂಡವಾಳ ಇದೇ, ಮತ್ತು ಅದನ್ನು ಒದಗಿಸುತ್ತಿರುವವರು ನಾವು! ಅಂಥವನಿಗೇ ಅವಳನ್ನು ಜೀವನಪರ್ಯಂತ ಒಪ್ಪಿಸುವುದನ್ನು ಪರಿಹಾರವೆಂದು ಕರೆಯಲು ನಮ್ಮಿಂದಾಗದು.

ಎಲ್ಲ ಪ್ರಕರಣಗಳೂ ಒಂದೇ ತೆರನಲ್ಲವೆಂಬುದು ನಿಜ. ಹತ್ತೊಂಬತ್ತರ ಕಾಲೇಜು ಹುಡುಗನನ್ನೂ ಮೂವತ್ತೈದರ ವಂಚಕನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 2022ರ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ವಯೋಮಿತಿಯನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತ್ತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸಲು ಒಪ್ಪಲಿಲ್ಲ. 16ರಿಂದ 18ರೊಳಗಿನವರ ಪ್ರಕರಣಗಳಲ್ಲಿ ಶಿಕ್ಷೆಯ ಕುರಿತು ನ್ಯಾಯಾಧೀಶರಿಗೆ ವಿವೇಚನೆ ಇರಲೆಂದಷ್ಟೇ ಹೇಳಿತು. ಆದ್ದರಿಂದ ಗಂಡುಮಕ್ಕಳ ತಾಯಂದಿರೂ ಇದನ್ನು ಓದಬೇಕು. ಮಗಳಿಗೆ ನೂರು ಕಟ್ಟಳೆ ವಿಧಿಸುವ ನಮ್ಮ ಮನೆಗಳಲ್ಲಿ ಹತ್ತೊಂಬತ್ತರ ಮಗನನ್ನು ಕೂರಿಸಿಕೊಂಡು ಈ ಕಾಯ್ದೆಯನ್ನು ತಿಳಿಸಿದವರೆಷ್ಟು?

ಜಮಾಅತ್ ಸಮಿತಿಗಳು ತಕ್ಷಣ ಮಾಡಬಹುದಾದ ಒಂದು ಕೆಲಸವಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ನೋಡದೆ ನಿಕಾಹ್ ದಫ್ತರಿನಲ್ಲಿ ಹೆಸರು ಬರೆಯಬಾರದು. ವಧುವಿಗೆ 18, ವರನಿಗೆ 21 ತುಂಬಿರಬೇಕು. ಎಷ್ಟೇ ಶ್ರೀಮಂತರಾದರೂ, ಯಾರ ಶಿಫಾರಸು ತಂದರೂ ವಿನಾಯಿತಿ ಬೇಡ.

ಇನ್ನು ಪೊಲೀಸ್ ಠಾಣೆಯ ಭಯ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕೆಂದು ಇದೇ ಕಾಯ್ದೆ ಹೇಳುತ್ತದೆ. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪತ್ರಿಕೆಗಳು ಗುರುತನ್ನು ಪ್ರಕಟಿಸುವಂತಿಲ್ಲ. ಗರ್ಭಪಾತಕ್ಕಾಗಿ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಆಕೆಯ ಹೆಸರು ನೀಡಬೇಕಿಲ್ಲವೆಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಮನೆಯವರಿಗೆ ಹೇಳಲಾಗದ ಮಗು 1098ಕ್ಕೆ ಕರೆ ಮಾಡಬಹುದು. ಈ ಸಂಖ್ಯೆ ನಮ್ಮ ಮದ್ರಸಗಳ ಗೋಡೆಗಳ ಮೇಲೂ ಇರಲಿ.